ಉದ್ದನೆಯ ಇಂಗ್ಲಿಷ್ ಪದ: ಸಿಲಬಲ್ ಎಣಿಸಬೇಕೋ, ಒತ್ತು ಹಿಡಿಯಬೇಕೋ, ಭಾಗ ಬಿಡಿಸಬೇಕೋ?

ಜೂನ್ ಬಂತೆಂದರೆ ತುಮಕೂರಿನ ಎಸ್.ಎಸ್. ಪುರಂ ಕಡೆ ಟ್ಯೂಷನ್ ಬೋರ್ಡುಗಳಿಗೆ ಬರವಿಲ್ಲ. ಒಂದು ಕಡೆ ಫೋನಿಕ್ಸ್, ಇನ್ನೊಂದು ಕಡೆ ಸ್ಪೋಕನ್ ಇಂಗ್ಲಿಷ್, ಮತ್ತೊಂದು ಕಡೆ ವೊಕ್ಯಾಬುಲರಿ. ಮೂರೂ ಕಡೆ ಉದ್ದನೆಯ ಪದ ಒಡೆಯುವುದನ್ನು ಹೇಳಿಕೊಡುತ್ತಾರೆ. ಆದರೆ ಒಬ್ಬೊಬ್ಬರು ಒಂದೊಂದು ಜಾಗದಲ್ಲಿ ಒಡೆಯುತ್ತಾರೆ. ಅಕ್ಷರದ ಸದ್ದು ಹಿಡಿದು ಓದಿಸುವ ಫೋನಿಕ್ಸ್‌ನವರು ಚಪ್ಪಾಳೆ ತಟ್ಟಿಸಿ ಸಿಲಬಲ್, ಅಂದರೆ ಪದದ ಸದ್ದಿನ ತುಂಡುಗಳನ್ನು, ಎಣಿಸುತ್ತಾರೆ. ಸ್ಪೋಕನ್ ಇಂಗ್ಲಿಷಿನವರು ಎಲ್ಲಿ ಜೋರು, ಎಲ್ಲಿ ಮೆಲ್ಲಗೆ ಅನ್ನುವುದನ್ನು ತೋರಿಸುತ್ತಾರೆ. ವೊಕ್ಯಾಬುಲರಿಯವರು ಪದದೊಳಗೆ ಅಡಗಿರುವ ಅರ್ಥದ ತುಂಡುಗಳನ್ನು ಹೊರಗೆ ತೆಗೆಯುತ್ತಾರೆ. ಮನೆಯಲ್ಲಿ ಹೈಸ್ಕೂಲ್ ಮೆಟ್ಟಿಲು ಹತ್ತಿದ ಮಗು ಇದ್ದು, ಸಂಜೆಯ ಒಂದು ಗಂಟೆಯನ್ನು ಯಾವುದಕ್ಕೆ ಹಾಕಬೇಕು ಅಂತ ತಲೆಕೆಡಿಸಿಕೊಂಡಿದ್ದರೆ ಮುಂದೆ ಓದಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕನ್ನಡ ಸರಾಗವಾಗಿ ಓದುವ ಮಗುವಿಗೆ ಸಿಲಬಲ್ ಒಡೆಯುವುದನ್ನು ದುಡ್ಡು ಕೊಟ್ಟು ಕಲಿಸಬೇಕಾಗಿಲ್ಲ. ಅದು ಮುಕ್ಕಾಲು ಪಾಲು ಬಂದೇ ಇರುತ್ತದೆ. ಹೊತ್ತು ಜಾಸ್ತಿ ಕೊಡಬೇಕಾದ್ದು ಅರ್ಥದ ಭಾಗಗಳಿಗೆ. ಒತ್ತಿಗೆ ಅಷ್ಟು ಹೊತ್ತು ಬೇಡ. ಆದರೆ ಅದೊಂದು ಮಾತ್ರ ನಮ್ಮ ಭಾಷೆಯಿಂದ ಪುಕ್ಕಟೆಯಾಗಿ ಸಿಗುವುದಿಲ್ಲ, ಕಿವಿಗೊಟ್ಟೇ ಕಲಿಯಬೇಕು. (ಒತ್ತು ಅಂದರೆ ಇಲ್ಲಿ ಸ್ಟ್ರೆಸ್, ಒತ್ತಕ್ಷರ ಅಲ್ಲ.)

ಒಂದೇ ಪದ, ಮೂರು ಕಡೆ ಕತ್ತರಿ

ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್.ಎ.ಎಲ್.ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಆಮೇಲೆ ಈ ಪದ ನಮ್ಮ ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಅದನ್ನೇ ತೆಗೆದುಕೊಳ್ಳೋಣ.

ಸಿಲಬಲ್ ಲೆಕ್ಕದಲ್ಲಿ ಅದು ಹೆ-ಲಿ-ಕಾಪ್-ಟರ್, ಒಟ್ಟು ನಾಲ್ಕು. ಒತ್ತು ಮೊದಲನೆಯದರ ಮೇಲೆ. ಡಿಕ್ಷನರಿಯಲ್ಲಿ ಒತ್ತು ಬೀಳುವ ಸಿಲಬಲ್ಲಿನ ಮುಂದೆ ಮೇಲ್ಗಡೆ ಒಂದು ಪುಟ್ಟ ಗೀರು ಹಾಕಿರುತ್ತಾರೆ. ಹಾಗೆ ಬರೆದರೆ ˈಹೆಲಿಕಾಪ್ಟರ್. ನಾನೂ ಮುಂದೆ ಇದೇ ಗೀರನ್ನು ಬಳಸುತ್ತೇನೆ.

ಇನ್ನು ಅರ್ಥದ ಭಾಗ. ಎಲ್ಲರೂ ಹೆಲಿ, ಕಾಪ್ಟರ್ ಅಂತ ಎರಡು ಮಾಡುತ್ತಾರೆ. ಅದು ತಪ್ಪು. ನಿಜವಾದ ತುಂಡುಗಳು ಹೆಲಿಕೊ ಮತ್ತು ಪ್ಟರ್. ಗ್ರೀಕ್ ಭಾಷೆಯಲ್ಲಿ ಹೆಲಿಕ್ಸ್ ಅಂದರೆ ಸುರುಳಿ, ಪ್ಟೆರಾನ್ ಅಂದರೆ ರೆಕ್ಕೆ. ಹಳೇ ಕಾಲದ ಹಾರುವ ಪ್ರಾಣಿ ಪ್ಟೆರಡ್ಯಾಕ್ಟಿಲ್ ಇದೆಯಲ್ಲ, ಅದರ ಮೊದಲಲ್ಲಿ 'ಪಿ' ಬರೆದು ಉಚ್ಚರಿಸದೆ ಬಿಡುತ್ತಾರೆ. ಅಲ್ಲಿರುವ ರೆಕ್ಕೆಯೇ ಇಲ್ಲೂ ಇರುವುದು. ಸಿಲಬಲ್ಲಿನ ಕತ್ತರಿ ಈ ರೆಕ್ಕೆಯನ್ನೇ ಎರಡು ತುಂಡು ಮಾಡಿ 'ಕಾಪ್-ಟರ್' ಅನ್ನುತ್ತದೆ. ಇಂಗ್ಲಿಷಿನವರೂ ಮೂಲ ಮರೆತು 'ಹೆಲಿ'ಯನ್ನು ಕಿತ್ತುಕೊಂಡು ಹೆಲಿಪ್ಯಾಡ್, ಹೆಲಿಪೋರ್ಟ್ ಮಾಡಿಕೊಂಡರು. ಹ್ಯಾಂಬರ್ಗ್ ಊರಿನ ಹೆಸರಿಂದ ಬಂದ ಹ್ಯಾಂಬರ್ಗರ್ ಅನ್ನು ತಪ್ಪಾಗಿ ಮುರಿದು ಬರ್ಗರ್ ಮಾಡಿದ್ದೂ ಇದೇ ರೀತಿ.

ಇದನ್ನು ಯಾಕೆ ಹೇಳಿದೆ ಅಂದರೆ, ಪದ ಒಡೆಯಲು ಒಂದೇ ಸರಿಯಾದ ಜಾಗ ಇದೆ ಅಂತ ಮಕ್ಕಳು ನಂಬಿರುತ್ತಾರೆ. ಇಬ್ಬರು ಮೇಷ್ಟ್ರು ಎರಡು ರೀತಿ ಒಡೆದರೆ ಗಾಬರಿಯಾಗುತ್ತಾರೆ. ಯಾರದ್ದೂ ತಪ್ಪಲ್ಲ. ಒಬ್ಬರು ಬಾಯಿಗೆ ಒಡೆದರು, ಇನ್ನೊಬ್ಬರು ಅರ್ಥಕ್ಕೆ ಒಡೆದರು, ಅಷ್ಟೇ.

ಸಿಲಬಲ್: ನಮಗೆ ಗೊತ್ತಿರುವ ವಿದ್ಯೆ

ಒಂದು ಸ್ವರದ ಸದ್ದಿಗೆ ಒಂದು ಸಿಲಬಲ್. ನಿಯಮ ಇಷ್ಟೇ. ಸ್ಪೆಲಿಂಗಿನಲ್ಲಿ ಎಷ್ಟು ಅಕ್ಷರ ಇದೆ ಅನ್ನುವುದು ಲೆಕ್ಕಕ್ಕಿಲ್ಲ. ಸ್ಟ್ರೆಂಗ್ತ್ಸ್ ಬರೆಯಲು ಒಂಬತ್ತು ಅಕ್ಷರ ಬೇಕು, ಆದರೆ ಸಿಲಬಲ್ ಒಂದೇ. ಐಡಿಯಾಗೆ ನಾಲ್ಕೇ ಅಕ್ಷರ, ಸಿಲಬಲ್ ಮೂರು. ಗಲ್ಲದ ಕೆಳಗೆ ಕೈಯಿಟ್ಟು ಪದ ಹೇಳಿದರೆ ಗಲ್ಲ ಎಷ್ಟು ಸಲ ಇಳಿಯುತ್ತದೋ ಹೆಚ್ಚುಕಡಿಮೆ ಅಷ್ಟು ಸಿಲಬಲ್.

ಕನ್ನಡದ ಮಗುವಿಗೆ ಇದು ಕಷ್ಟವೇ ಅಲ್ಲ. ನಮ್ಮ ಲಿಪಿಯೇ ಆ ಲೆಕ್ಕದಲ್ಲಿದೆ. ಕಾಗುಣಿತ ಕಲಿತ ಮಗು ಸ್ವರವನ್ನು ಹಿಡಿದೇ ಓದುತ್ತದೆ. ಎಡವುವುದು ಒಂದೇ ಕಡೆ. ವ್ಯಂಜನಕ್ಕೆ ನಿಲ್ಲುವುದು ನಮಗೆ ಒಗ್ಗುವುದಿಲ್ಲ, ಕೊನೆಗೊಂದು ಸ್ವರ ಸೇರಿಸಿಬಿಡುತ್ತೇವೆ. ಬಸ್ ಒಂದು ಸಿಲಬಲ್, ನಮ್ಮ ಬಸ್ಸು ಎರಡು. ಸ್ಕೂಲ್ ಒಂದು, ಪಾವಗಡದ ಹಳ್ಳಿ ಕಡೆಯ ಅಜ್ಜಿಯ ಇಸ್ಕೂಲು ಮೂರು. ಊರಿನ ಹೆಸರಿಗೆ ಇದರ ಉಲ್ಟಾ ಆಗಿತ್ತು. ಇಂಗ್ಲಿಷಿನಲ್ಲಿ ನಮ್ಮೂರನ್ನು ಎರಡೇ ಸಿಲಬಲ್ಲಿನಲ್ಲಿ ತುಮ್-ಕೂರ್ ಅಂತ ಬರೆಯುತ್ತಿದ್ದರು. 2014ರ ನವೆಂಬರ್ 1ರಂದು ಸ್ಪೆಲಿಂಗ್ ಬದಲಾಗಿ, ಹೋಗಿದ್ದ ಎರಡು ಸಿಲಬಲ್ ವಾಪಸ್ ಬಂದವು.

ಹೈಸ್ಕೂಲಿಗೆ ಬಂದ ಮೇಲಂತೂ ಇನ್ನೂ ಒಳ್ಳೆಯ ಸಾಮಾನು ಕೈಯಲ್ಲಿರುತ್ತದೆ. ಕನ್ನಡ ಪರೀಕ್ಷೆಯಲ್ಲಿ 'ಪ್ರಸ್ತಾರ ಹಾಕಿ, ಗಣ ವಿಭಾಗಿಸಿ' ಅಂತ ಕೇಳುತ್ತಾರಲ್ಲ, ಅದೇ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಅಂತ ಮಕ್ಕಳು ಉರು ಹೊಡೆದಿರುತ್ತಾರೆ. ಯಾಕೆ ಗುರು? 'ಅಪ್ಪ' ಅಂದಾಗ ಮೊದಲ 'ಪ್' ಹಿಂದಿನ 'ಅ'ಗೆ ಅಂಟಿಕೊಳ್ಳುತ್ತದೆ, ಅದಕ್ಕೆ. ಬರೆಯುವುದು ಅ-ಪ್ಪ, ಉಸಿರಾಡುವುದು ಅಪ್-ಪ. ಇಂಗ್ಲಿಷಿನ ಸಿಲಬಲ್ ಒಡೆಯುವುದೂ ಉಸಿರಿನ ಲೆಕ್ಕದಲ್ಲೇ. ಎಲೆಕ್ಟ್ರಿಸಿಟಿಯನ್ನು ನಮ್ಮ ಲಿಪಿ ಎ-ಲೆ-ಕ್ಟ್ರಿ-ಸಿ-ಟಿ ಅಂತ ತೋರಿಸುತ್ತದೆ. ಇಂಗ್ಲಿಷಿನವರು ಎ-ಲೆಕ್-ಟ್ರಿ-ಸಿ-ಟಿ ಅನ್ನುತ್ತಾರೆ. ಪ್ರಸ್ತಾರ ಹಾಕಲು ಬರುವ ಹುಡುಗನಿಗೆ ಇದನ್ನು ಒಂದು ಸಲ ತೋರಿಸಿದರೆ ಸಾಕು.

ಹಾಗಾದರೆ ಸಿಲಬಲ್ ಯಾವುದಕ್ಕೆ ಒಳ್ಳೆಯದು? ಮೊದಲ ಸಲ ಕಂಡ ಪದವನ್ನು ತಡವರಿಸದೆ ಬಾಯಿಗೆ ತರಲು. ಮತ್ತೆ, ಅರ್ಥದ ಭಾಗ ಕೈಕೊಡುವ ಪದಗಳ ಸ್ಪೆಲಿಂಗಿಗೆ. ವೆಟರಿನರಿ ನೋಡಿ. ಹಳ್ಳಿಯ ದನದ ಆಸ್ಪತ್ರೆ ಬೋರ್ಡಿನ ಮೇಲೆ ಇರುತ್ತದೆ. ಮಾತಿನಲ್ಲಿ ವೆಟ್ನರಿ ಆಗಿಬಿಟ್ಟಿದೆ, ಬ್ರಿಟಿಷರೂ ನಡುವಿನದನ್ನು ನುಂಗುತ್ತಾರೆ. ಅದರ ಬೇರು ಲ್ಯಾಟಿನ್ನಿನಲ್ಲಿ ದನಕರುಗಳಿಗಿದ್ದ ಹೆಸರು. ಬೇರೆ ಪದಗಳಲ್ಲಿ ಅದು ಸಿಗುವುದಿಲ್ಲ, ಕಲಿತರೂ ಉಪಯೋಗಕ್ಕೆ ಬರುವುದಿಲ್ಲ. ಇಂಥ ಕಡೆ ಬರೆಯುವಾಗ ಮನಸ್ಸಿನಲ್ಲಿ ವೆಟ್-ಎರ್-ಇನ್-ಎ-ರಿ ಅಂತ ಒಂದೊಂದನ್ನೂ ಬಿಡಿಸಿ ಹೇಳಿಕೊಳ್ಳುವುದೇ ಸರಿಯಾದ ದಾರಿ. ವೆಡ್-ನೆಸ್-ಡೇ, ಫೆಬ್-ರು-ಅರಿ ಕೂಡ ಹಾಗೆಯೇ.

ಗೆರೆ ಎಲ್ಲಿ ಎಳೆಯಬೇಕು ಅನ್ನುವ ಜಗಳಕ್ಕೆ ಮಾತ್ರ ಹೋಗಬೇಡಿ. ನಾಲೆಜ್ ಅನ್ನು ಸಾಲಿನ ಕೊನೆಯಲ್ಲಿ ಮುರಿಯುವಾಗ ಅಮೆರಿಕದವರು 'ಎಲ್' ಆದ ಮೇಲೆ ಮುರಿಯುತ್ತಾರೆ. ಬ್ರಿಟಿಷರು ತಿಳಿ ಅನ್ನುವ ಅರ್ಥದ ನೋ ಪದ ಎದ್ದು ಕಾಣಲಿ ಅಂತ 'ಎಲ್'ಗಿಂತ ಮುಂಚೆ ಮುರಿಯುತ್ತಿದ್ದರು. ಡಿಕ್ಷನರಿಯಲ್ಲಿ ಪದದ ನಡುನಡುವೆ ಇರುವ ಚುಕ್ಕಿಗಳು ಎಷ್ಟೋ ಸಲ ಈ ಸಾಲು ಮುರಿಯುವ ಲೆಕ್ಕಕ್ಕೆ ಹಾಕಿದವು. ಉಚ್ಚಾರಣೆಗೆ ಅದರ ಪಕ್ಕದಲ್ಲಿ ಬೇರೆ ಬರಹ ಇರುತ್ತದೆ. ಮಗುವಿಗೆ ಎಷ್ಟು ಸಿಲಬಲ್ ಅಂತ ಗೊತ್ತಾದರೆ ಆಯಿತು.

ಭಾಗ: ಹೊತ್ತು ಹಾಕಬೇಕಾದ್ದು ಇಲ್ಲಿ

ಸರ್ಕಾರಿ ಕಚೇರಿಗಳ ಇಂಗ್ಲಿಷ್ ಬೋರ್ಡುಗಳನ್ನು ಒಂದು ಸಲ ನಿಧಾನವಾಗಿ ಓದಿ. ಕೃಷಿ ಇಲಾಖೆ ಅಗ್ರಿಕಲ್ಚರ್. ತೋಟಗಾರಿಕೆ ಹಾರ್ಟಿಕಲ್ಚರ್. ರೇಷ್ಮೆ ಸೆರಿಕಲ್ಚರ್. ಮೀನು ಸಾಕಣೆ ಪಿಸಿಕಲ್ಚರ್, ಜೇನು ಸಾಕಣೆ ಏಪಿಕಲ್ಚರ್. ಲ್ಯಾಟಿನ್ನಿನಲ್ಲಿ ಉಳುಮೆಗೆ, ಬೆಳೆಸುವುದಕ್ಕೆ ಇದ್ದ ಪದದಿಂದ ಕಲ್ಚರ್ ಬಂತು. ಮುಂದಿರುವ ತುಂಡು ಹೊಲ, ತೋಟ, ರೇಷ್ಮೆ, ಮೀನು, ಜೇನು. ಬೇರೆ ಬೇರೆಯಾಗಿ ಕಲಿತರೆ ಐದು ಕಷ್ಟದ ಪದ. ಬಾಲ ಒಂದನ್ನು ಗುರುತು ಹಿಡಿದರೆ ಐದು ಪುಟ್ಟ ತುಂಡು. ಸಿಲಬಲ್ ಎಷ್ಟು ಎಣಿಸಿದರೂ ಈ ಲಾಭ ಸಿಗುವುದಿಲ್ಲ.

ಕನ್ನಡ ಮಾಧ್ಯಮದವರಿಗೆ ಇಲ್ಲಿ ಇನ್ನೊಂದು ಅನುಕೂಲ ಇದೆ. ಅದನ್ನು ಯಾರೂ ಅವರಿಗೆ ಹೇಳುವುದಿಲ್ಲ ಅನ್ನುವುದು ನನ್ನ ದೂರು. ಹತ್ತನೇ ಕ್ಲಾಸಿನವರೆಗೆ ಅವರು 'ದ್ಯುತಿಸಂಶ್ಲೇಷಣೆ' ಓದಿರುತ್ತಾರೆ. ಪಿ.ಯು. ಸೈನ್ಸ್ ಸೇರಿದ ದಿನ ಫೋಟೋಸಿಂಥೆಸಿಸ್ ಎದುರಾಗುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಫೋಟೊ ಬೆಳಕು, ದ್ಯುತಿಯೂ ಬೆಳಕು. ಸಿನ್ ಅಂದರೆ ಜೊತೆಗೆ, ಸಂ ಅಂದರೂ ಜೊತೆಗೆ. ಥೆಸಿಸ್ ಇಡುವುದು, ಶ್ಲೇಷಣೆ ಕೂಡಿಸುವುದು. ಇಂಗ್ಲಿಷ್ ಪದವನ್ನು ತುಂಡು ತುಂಡಾಗಿ ಬಿಚ್ಚಿಯೇ ನಮ್ಮ ಪದ ಕಟ್ಟಿದ್ದಾರೆ. ಉಷ್ಣಮಾಪಕ ಥರ್ಮೊ-ಮೀಟರ್. ಸೂಕ್ಷ್ಮದರ್ಶಕ ಮೈಕ್ರೊ-ಸ್ಕೋಪ್. ದೂರದರ್ಶನ ಟೆಲಿ-ವಿಷನ್. ಕನ್ನಡದಲ್ಲಿ ಓದಿದ್ದು ವ್ಯರ್ಥವಾಯಿತು ಅಂತ ಅಳುವ ಮಕ್ಕಳಿಗೆ ಈ ನಾಲ್ಕು ಸಾಲು ತೋರಿಸಿ. ಅವರ ಹತ್ತಿರ ಬೀಗದಕೈ ಇದೆ, ಯಾವ ಬೀಗಕ್ಕೆ ಅಂತ ಗೊತ್ತಿಲ್ಲ, ಅಷ್ಟೇ.

ಸ್ಪೆಲಿಂಗಿಗೂ ಇದೇ ಗಟ್ಟಿ. ಎನ್‌ವಿರಾನ್‌ಮೆಂಟ್ ಬರೆಯುವಾಗ ನಡುವಿನ 'ಎನ್' ಬಿಟ್ಟುಹೋಗುವುದು ಎಲ್ಲ ಕ್ಲಾಸಿನಲ್ಲೂ ಇದ್ದದ್ದೇ. ಕಿವಿಗೆ ಅದು ಕೇಳಿಸುವುದೇ ಇಲ್ಲ, ಹಾಗಾಗಿ ಸಿಲಬಲ್ ತಟ್ಟಿದರೂ ಪ್ರಯೋಜನವಿಲ್ಲ. ಎನ್‌ವಿರಾನ್ ಅಂದರೆ ಸುತ್ತುವರಿ, ಅದಕ್ಕೆ ಮೆಂಟ್ ಸೇರಿತು ಅಂತ ಗೊತ್ತಾದವರು 'ಎನ್' ಬಿಡುವುದಿಲ್ಲ. ಗವರ್ನ್‌ಮೆಂಟ್ ಕೂಡ ಹಾಗೇ. ಪ್ಯಾರಲಲ್ ಪದದಲ್ಲಿ ಮೊದಲು ಎರಡು 'ಎಲ್' ಬರುತ್ತದೋ ಆಮೇಲೋ ಅನ್ನುವುದು ಇನ್ನೊಂದು ಹಳೇ ತಕರಾರು. ಗ್ರೀಕಿನಲ್ಲಿ ಪ್ಯಾರಾ ಅಂದರೆ ಪಕ್ಕ, ನಂತರ 'ಒಂದಕ್ಕೊಂದು' ಅನ್ನುವ ಅರ್ಥದ ಅಲ್ಲೆಲ್. ಒಂದರ ಪಕ್ಕ ಒಂದು. ಎರಡು 'ಎಲ್' ಇರುವುದು ಆ 'ಅಲ್ಲೆಲ್'ನ ಹೊಟ್ಟೆಯಲ್ಲಿ, ಕೊನೆಯಲ್ಲಿ ಒಂದೇ.

ಅಕ್ಷರ ಜೋಡಿಯಾಗುವ ಗೊಂದಲಕ್ಕೆ ನಮ್ಮ ಸಂಧಿ ಪಾಠವೇ ಮದ್ದು. ಜಗತ್ + ನಾಥ ಸೇರಿ ಜಗನ್ನಾಥ, ಸತ್ + ಜನ ಸೇರಿ ಸಜ್ಜನ. ಮುಂದಿನ ವ್ಯಂಜನ ಹಿಂದಿನದನ್ನು ತನ್ನಂತೆ ಮಾಡಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ 'ಅಲ್ಲ' ಅನ್ನುವ ಅರ್ಥದ ಇನ್ ಇದೆ. ಲೀಗಲ್ ಮುಂದೆ ಬಂದರೆ ಇಲ್ಲೀಗಲ್, ಎರಡು 'ಎಲ್'. ರೆಗ್ಯುಲರ್ ಮುಂದೆ ಇರ್ರೆಗ್ಯುಲರ್, ಎರಡು 'ಆರ್'. ಮೂವಬಲ್ ಮುಂದೆ ಇಮ್ಮೂವಬಲ್, ಎರಡು 'ಎಂ'. ಕ್ರಯಪತ್ರದಲ್ಲಿ ಸ್ಥಿರಾಸ್ತಿಗೆ ಬರೆಯುವುದು ಇದನ್ನೇ. ಪಾಸಿಬಲ್ ಮುಂದೆ ಇಂಪಾಸಿಬಲ್, ಇಲ್ಲಿ ಜೋಡಿ ಇಲ್ಲ, ಆದರೆ 'ಎನ್' ಹೋಗಿ 'ಎಂ' ಆಯಿತು. ಸಂಧಿ ಆಗದ ಕಡೆ ಸುಮ್ನೆ ಕೂಡಿಸಿದರೆ ಸಾಕು. ಡಿಸ್ + ಅಪಿಯರ್, ಒಂದೇ 'ಎಸ್'. ಡಿಸ್ + ಸ್ಯಾಟಿಸ್‌ಫೈಡ್, ಎರಡು. ಅನ್ + ನೆಸೆಸರಿ, ಎರಡು 'ಎನ್'. ಹತ್ತು ನಿಮಿಷದಲ್ಲಿ ಹೇಳಿಕೊಡಬಹುದಾದ ಇದಕ್ಕೆ ಮಕ್ಕಳು ವರ್ಷಗಟ್ಟಲೆ ಕೆಂಪು ಇಂಕಿನಲ್ಲಿ ತಿದ್ದಿಸಿಕೊಳ್ಳುತ್ತಾರೆ.

ತದ್ಧಿತ ಪ್ರತ್ಯಯ ಓದಿದವರಿಗೆ ಬಾಲಗಳೂ ಹೊಸದಲ್ಲ. ಬಡತನದ 'ತನ' ಮಾಡುವ ಕೆಲಸವನ್ನು ನೆಸ್ ಮಾಡುತ್ತದೆ. ಬಳೆಗಾರನ 'ಗಾರ'ನ ಹಾಗೆ ಎರ್. ಇಷ್ಟು ಸಾಕು, ಮುಂದಕ್ಕೆ ಹೋಗೋಣ.

ಭಾಗ ಕೈಕೊಡುವ ಜಾಗಗಳೂ ಇವೆ. ಪುಣೆ ಹೆದ್ದಾರಿಯಲ್ಲಿ ಕ್ಯಾತ್ಸಂದ್ರದ ಹತ್ತಿರ ನಿಂತರೆ ಪೆಟ್ರೋಲ್ ಟ್ಯಾಂಕರುಗಳು ಸಾಲಾಗಿ ಹೋಗುತ್ತವೆ. ಹಿಂದೆ 'ಹೈಲಿ ಇನ್‌ಫ್ಲೇಮಬಲ್' ಅಂತ ಬರೆದಿರುತ್ತದೆ. ಇನ್ ಅಂದರೆ ಅಲ್ಲ ಅಂತ ಕಲಿತ ಮಗು 'ಬೆಂಕಿ ಹತ್ತುವುದಿಲ್ಲ' ಅಂದುಕೊಂಡರೆ ಗತಿಯೇನು? ಇಲ್ಲಿನ ಇನ್ ಬೇರೆ, ಅದಕ್ಕೆ ಒಳಗೆ ಅನ್ನುವ ಅರ್ಥ. ಇನ್‌ಫ್ಲೇಮಬಲ್ ಅಂದರೂ ಫ್ಲೇಮಬಲ್ ಅಂದರೂ ಬೆಂಕಿ ಹತ್ತುತ್ತದೆ. ಇನ್‌ವ್ಯಾಲ್ಯುಬಲ್ ಅಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ಅಂಕಲ್‌ನಲ್ಲಿ 'ಅನ್' ಇಲ್ಲ. ಕಾರ್ನರ್‌ಗೂ ಜೋಳಕ್ಕೂ ಸಂಬಂಧವಿಲ್ಲ. ಹಾಗಾಗಿ ಊಹಿಸಿ, ಆಮೇಲೆ ಡಿಕ್ಷನರಿ ನೋಡಿ. ಊಹೆಯನ್ನೇ ಉತ್ತರ ಅಂತ ಬರೆಯಬೇಡಿ.

ಇನ್ನೊಂದು ಮಾತು. ಸ್ಪರ್ಧೆಗಳಲ್ಲಿ ಹೇಳಿಸುವ ನಲವತ್ತೈದು ಅಕ್ಷರದ ಶ್ವಾಸಕೋಶದ ಕಾಯಿಲೆಯ ಹೆಸರೊಂದಿದೆ. ಅದು 1935ರಲ್ಲಿ ಅಮೆರಿಕದ ಪದಬಂಧ ಪ್ರಿಯರು ಉದ್ದ ಇರಲಿ ಅಂತಲೇ ಹೊಸೆದ ಪದ. ಮಗುವಿಗೆ ಅದನ್ನು ಬಾಯಿಪಾಠ ಮಾಡಿಸಿ ನೆಂಟರ ಮುಂದೆ ಹೇಳಿಸುವುದರ ಬದಲು ಅದರ ಬಾಲದಲ್ಲಿರುವ ಓಸಿಸ್ ತೋರಿಸಿ. ಕಾಯಿಲೆ, ಸ್ಥಿತಿ ಅಂತ ಅರ್ಥ. ಪಾವಗಡ, ಶಿರಾ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಬರುವ ಫ್ಲೋರೋಸಿಸ್, ಕೋಲಾರದ ಚಿನ್ನದ ಗಣಿಯಲ್ಲಿ ಕಲ್ಲುಪುಡಿ ಉಸಿರಾಡಿದವರನ್ನು ಕಾಡಿದ ಸಿಲಿಕೋಸಿಸ್, ಎಲ್ಲರೂ ಕೇಳಿರುವ ಟ್ಯುಬರ್ಕ್ಯುಲೋಸಿಸ್. ಮೂರಕ್ಕೂ ಒಂದೇ ಬಾಲ. ಮೂರರಲ್ಲೂ ಒತ್ತು ಬೀಳುವುದು ಆ 'ಓ' ಇರುವ ಸಿಲಬಲ್ಲಿನ ಮೇಲೆಯೇ. ಬಾಲ ಅರ್ಥವನ್ನೂ ಹೇಳಿತು, ಎಲ್ಲಿ ಒತ್ತಬೇಕು ಅಂತಲೂ ಹೇಳಿತು.

ಒತ್ತು: ಕನ್ನಡ ಕೊಡದ ಪಾಠ

ಕನ್ನಡದಲ್ಲಿ ನಾವು ಎಲ್ಲ ಅಕ್ಷರಕ್ಕೂ ಅದರ ಪಾಲು ಕೊಡುತ್ತೇವೆ. ದೀರ್ಘಕ್ಕೆ ಎರಡು ಮಾತ್ರೆ, ಹ್ರಸ್ವಕ್ಕೆ ಒಂದು, ಯಾರಿಗೂ ಮೋಸವಿಲ್ಲ. ನಮ್ಮ ಮಾತು ಕ್ಯಾತ್ಸಂದ್ರ, ದಾಬಸ್‌ಪೇಟೆ, ನೆಲಮಂಗಲ ಅಂತ ಎಲ್ಲ ಕಡೆ ನಿಲ್ಲಿಸಿಕೊಂಡು ಬೆಂಗಳೂರಿಗೆ ಹೋಗುವ ಬಸ್ಸು. ಇಂಗ್ಲಿಷ್ ಒಂದೋ ಎರಡೋ ಕಡೆ ನಿಂತು ಮಿಕ್ಕಿದ್ದನ್ನು ಹಾರಿಸಿಕೊಂಡು ಹೋಗುತ್ತದೆ. ಒತ್ತು ಬಿದ್ದ ಸಿಲಬಲ್ ಜೋರಾಗಿ, ಉದ್ದವಾಗಿ, ಸ್ವಲ್ಪ ಏರುದನಿಯಲ್ಲಿ ಬರುತ್ತದೆ. ಉಳಿದವುಗಳ ಸ್ವರ ಸವೆದು ಒಂದು ಮಂಕಾದ 'ಅ' ಆಗಿಬಿಡುತ್ತದೆ. ಆ ಮಂಕು 'ಅ'ಕಾರವೇ ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಕೇಳುವ ಸ್ವರ.

ಒಂದೇ ಮನೆಯ ಮೂರು ಪದ ಕೇಳಿ: ˈಫೋಟೊಗ್ರಾಫ್, ಫˈಟಾಗ್ರಫರ್, ಫೋಟೊˈಗ್ರ್ಯಾಫಿಕ್. ಬೇರು ಬದಲಾಗಿಲ್ಲ, ಸ್ಪೆಲಿಂಗ್ ಬದಲಾಗಿಲ್ಲ. ಒತ್ತು ಜಾಗ ಬದಲಿಸಿತು, ಅದರ ಹಿಂದೆ ಸ್ವರಗಳೂ ಬದಲಾದವು. ನಾವು ಮೂರಕ್ಕೂ ಫೋಟೋ ಅಂತಲೇ ಶುರು ಮಾಡುತ್ತೇವೆ. ಇನ್ನೊಂದು ಉದಾಹರಣೆ ಎ.ಪಿ.ಎಂ.ಸಿ. ಯಾರ್ಡಿನ ಬೋರ್ಡಿನಲ್ಲೇ ಇದೆ. ಅಲ್ಲಿನ 'ಪಿ' ಅಂದರೆ ˈಪ್ರಾಡ್ಯೂಸ್, ರೈತರು ತಂದ ಮಾಲು. ಅದೇ ಸ್ಪೆಲಿಂಗಿನ ಪ್ರˈಡ್ಯೂಸ್ ಅಂದರೆ ಉತ್ಪಾದಿಸು. ರೆಕಾರ್ಡ್, ಪರ್ಮಿಟ್ ಕೂಡ ಹೀಗೆಯೇ. ವಸ್ತುವಾದರೆ ಒತ್ತು ಮೊದಲು, ಕ್ರಿಯೆಯಾದರೆ ಆಮೇಲೆ.

ಕೊರಟಗೆರೆ ಕಡೆಯ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಡಿಕ್ಷನರಿಯ ಧ್ವನಿ ಕೇಳಿಸಿದಾಗ ಅವಳು ಜಗಳಕ್ಕೇ ಬಂದಳು.

"ಮಿಸ್, ಥರ್ಮೊ, ಮೀಟರ್. ಎರಡೇ ಅಲ್ವಾ ಇರೋದು? ಮಧ್ಯದಲ್ಲಿ ಈ 'ಮಾಮ್' ಎಲ್ಲಿಂದ ಬಂತು?"

"ಥರ್ˈಮಾಮಿಟರ್ ಕಣಮ್ಮ. ಬರಾಮಿಟರ್, ಸ್ಪೀಡಾಮಿಟರ್ ಕೇಳಿದೀಯಲ್ಲ?"

"ಹಂಗಾದ್ರೆ ಸೆಂಟಾಮಿಟರ್ ಯಾಕಿಲ್ಲ?"

ಒಳ್ಳೆಯ ಪ್ರಶ್ನೆ. ಅಳೆಯುವ ಸಾಧನವಾದರೆ ಮೀಟರಿನ ಹಿಂದಿನ ಸಿಲಬಲ್ಲಿಗೆ ಒತ್ತು. ಅಳತೆಯ ಮಾನವಾದರೆ ಮೊದಲನೆಯದಕ್ಕೆ: ˈಸೆಂಟಿಮೀಟರ್, ˈಮಿಲಿಮೀಟರ್. ಕಿಲೋಮೀಟರ್ ಮಾತ್ರ ಎರಡೂ ಕಡೆ ಕಾಲಿಟ್ಟಿದೆ, ಎರಡು ಉಚ್ಚಾರಣೆಯೂ ಚಾಲ್ತಿಯಲ್ಲಿವೆ. ಅವಳು ಅರ್ಥದ ಭಾಗವನ್ನು ಸರಿಯಾಗಿಯೇ ಬಿಡಿಸಿದ್ದಳು. ಅರ್ಥದ ಗೆರೆಯ ಮೇಲೇ ಒತ್ತೂ ನಡೆಯುತ್ತದೆ ಅಂದುಕೊಂಡಿದ್ದಳು.

ಒತ್ತು ಹಿಡಿಯಲು ಬಾಲ ನೋಡುವುದೇ ಸುಲಭ. ಷನ್, ಇಕ್, ಇಟಿ, ಇಯನ್ ಅಂತ ಕೊನೆಯಾದರೆ ಒತ್ತು ಅದರ ಹಿಂದಿನ ಸಿಲಬಲ್ಲಿಗೆ. ಎˈಲೆಕ್ಟ್ರಿಕ್, ಎಲೆಕ್ˈಟ್ರಿಸಿಟಿ, ಎಲೆಕ್ˈಟ್ರಿಷನ್, ಯೂನಿˈವರ್ಸಿಟಿ. ಲಜಿ, ಗ್ರಫಿ, ಕ್ರಸಿ ಬಾಲಕ್ಕೂ ಹೆಚ್ಚುಕಡಿಮೆ ಹೀಗೆಯೇ: ಬಯˈಆಲಜಿ, ಜಿˈಆಗ್ರಫಿ, ಡಿˈಮಾಕ್ರಸಿ. ಮೆಂಟ್, ನೆಸ್, ಫುಲ್, ಲೆಸ್, ಲಿ ಬಂದರೆ ಒತ್ತು ಅಲುಗಾಡುವುದಿಲ್ಲ. ಡಿˈವೆಲಪ್ ಇದ್ದದ್ದು ಡಿˈವೆಲಪ್‌ಮೆಂಟ್. ಟ್ರೈˈನೀ, ಇಂಜಿˈನಿಯರ್, ಜಪˈನೀಸ್ ಥರದವುಗಳಲ್ಲಿ ಬಾಲವೇ ಒತ್ತನ್ನು ಕಿತ್ತುಕೊಳ್ಳುತ್ತದೆ. ಅಪವಾದ ಬೇಕಾದರೆ ˈಪಾಲಿಟಿಕ್ಸ್ ಇದೆ. ಅದು ಎಲ್ಲಿ ತಾನೆ ನಿಯಮ ಪಾಲಿಸಿದೆ?

ಬಾಲ ಇಲ್ಲದ ನಾಮಪದಗಳಿಗೆ ಪ್ರಸ್ತಾರ ಮತ್ತೆ ಕೆಲಸಕ್ಕೆ ಬರುತ್ತದೆ. ಈ ಸಂಗತಿ ನನಗೆ ತುಂಬಾ ಇಷ್ಟ. ಮೂರೋ ನಾಲ್ಕೋ ಸಿಲಬಲ್ ಇರುವ ಪದದಲ್ಲಿ ಕೊನೆಯಿಂದ ಎರಡನೆಯದನ್ನು ನೋಡಿ. ಅದು ಗುರುವಾದರೆ ಒತ್ತು ಅಲ್ಲೇ: ಅˈಜೆಂಡಾ, ವˈರಾಂಡಾ, ಡಿˈಪ್ಲೋಮಾ. ಲಘುವಾದರೆ ಒಂದು ಹೆಜ್ಜೆ ಹಿಂದಕ್ಕೆ: ˈಸಿನಿಮಾ, ˈಕ್ಯಾಮೆರಾ, ˈಹಾಸ್ಪಿಟಲ್, ಅˈಮೆರಿಕಾ. ಇದು ಲ್ಯಾಟಿನ್ನಿನಿಂದ ಬಂದ ಪದ್ಧತಿ. ಇಂಗ್ಲಿಷ್ ಅದನ್ನು ಎಲ್ಲ ಕಡೆ ಉಳಿಸಿಕೊಂಡಿಲ್ಲ. ಆದರೂ ಗಣ ವಿಭಾಗ ಮಾಡಿ ಬೇಸತ್ತ ಮಕ್ಕಳಿಗೆ ಇದನ್ನು ತೋರಿಸಿದರೆ ಮುಖ ಅರಳುತ್ತದೆ.

ನಮ್ಮ ನಮ್ಮಲ್ಲಿ ಮಾತಾಡುವಾಗ ಒತ್ತು ತಪ್ಪಿದರೆ ಏನೂ ಮುಳುಗುವುದಿಲ್ಲ. ತಿಪಟೂರಿನವರು ಡೆವಲಪ್‌ಮೆಂಟ್ ಅಂದರೆ ಕುಣಿಗಲ್‌ನವರಿಗೆ ಅರ್ಥವಾಗುತ್ತದೆ. ಪೆಟ್ಟು ಬೀಳುವುದು ಕೇಳುವಾಗ. ಕಂಫರ್ಟಬಲ್ ಅನ್ನುವ ನಾಲ್ಕು ಸಿಲಬಲ್ಲಿಗೆ ಕಾಯುತ್ತಿರುವ ಕಿವಿಗೆ 'ಕಂಫ್‌ಟಬಲ್' ಮೂರೇ ಬರುತ್ತದೆ. ವೆಜಿಟಬಲ್ 'ವೆಜ್‌ಟಬಲ್' ಆಗುತ್ತದೆ, ಚಾಕೊಲೇಟ್ 'ಚಾಕ್ಲಟ್'. ಒತ್ತು ಸಿಗದ ಸಿಲಬಲ್ ಪೂರ್ತಿ ಕರಗಿಯೇ ಹೋಗಿರುತ್ತದೆ. ಆನ್‌ಲೈನ್ ಪಾಠ, ಹೊರದೇಶದವರ ಜೊತೆಗಿನ ಇಂಟರ್‌ವ್ಯೂ ಇದ್ದವರಿಗೆ ಇದು ನಿಜವಾದ ತೊಡಕು.

ಯಾರಿಗೆ ಯಾವುದು

ನಲಿ-ಕಲಿ ವಯಸ್ಸಿನ ಮಕ್ಕಳಿಗೆ ಚಪ್ಪಾಳೆ ತಟ್ಟಿ ಸಿಲಬಲ್ ಆಡಿಸುವುದು ಚೆನ್ನಾಗಿದೆ. ಅದಕ್ಕೆ ಮನೆಯೇ ಸಾಕು, ಫೀಸು ಬೇಡ. ಒಂದು ಎಚ್ಚರ ಮಾತ್ರ: ಕನ್ನಡ ಓದಲು ಬಾರದ, ಶುರುವಿನಿಂದ ಇಂಗ್ಲಿಷ್ ಮಾಧ್ಯಮದಲ್ಲೇ ಇರುವ ಮಗುವಿಗೆ ನಾನು ಮೊದಲಲ್ಲಿ ಹೇಳಿದ ಮಾತು ಅನ್ವಯಿಸುವುದಿಲ್ಲ. ಅಂಥವರಿಗೆ ಫೋನಿಕ್ಸ್ ನಿಜಕ್ಕೂ ಬೇಕಾಗಬಹುದು.

ಎಂಟರಿಂದ ಹತ್ತನೇ ಕ್ಲಾಸಿನವರಿಗೆ, ಅದರಲ್ಲೂ ಪಿ.ಯು.ನಲ್ಲಿ ಸೈನ್ಸ್ ತೆಗೆದುಕೊಳ್ಳುವ ಕನ್ನಡ ಮಾಧ್ಯಮದವರಿಗೆ, ಭಾಗವೇ ಮೊದಲು. ಹೈಡ್ರೊ, ಥರ್ಮೊ, ಬಯೊ, ಜಿಯೊ, ಮೈಕ್ರೊ, ಪಾಲಿ, ಮೊನೊ, ಸ್ಕೋಪ್, ಲಜಿ, ಓಸಿಸ್ ಥರದ ಇಪ್ಪತ್ತು ಮೂವತ್ತು ತುಂಡು ಗೊತ್ತಿದ್ದರೆ ಪುಸ್ತಕ ತೆರೆದಾಗ ಎದೆ ಹೊಡೆದುಕೊಳ್ಳುವುದಿಲ್ಲ. ಎಸ್.ಎಸ್.ಎಲ್.ಸಿ. ಮುಗಿದ ಬೇಸಿಗೆ ರಜೆಯಲ್ಲಿ ಮಾಡಿಸಿ. ಕನ್ನಡ ಪಠ್ಯದ ಪದ ಒಂದು ಕಡೆ, ಇಂಗ್ಲಿಷ್ ಪದ ಇನ್ನೊಂದು ಕಡೆ, ತುಂಡಿಗೆ ತುಂಡು ಗೆರೆ ಎಳೆಸಿ.

ಇಂಗ್ಲಿಷ್ ಪದದ ಮೇಲೆ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ. ಬಿಡಿಸಬೇಕಾಗಿಲ್ಲ. ಆದರೆ ಬರೆದ ಮೇಲೆ ಒತ್ತು ಬೀಳುವ ಸಿಲಬಲ್ಲಿನ ಕೆಳಗೆ ಒಂದು ಗೆರೆ ಹಾಕಿಸಿ. ಇಲ್ಲದಿದ್ದರೆ ಎಲ್ಲ ಅಕ್ಷರವೂ ಸಮಸಮ ಅಂತ ಮನಸ್ಸಿನಲ್ಲಿ ಕೂತುಬಿಡುತ್ತದೆ.

ಕೆಲಸ ಹುಡುಕುತ್ತಿರುವವರು ಒತ್ತಿನಿಂದ ಶುರು ಮಾಡಲಿ. ತಮ್ಮದೇ ಫೀಲ್ಡಿನ ಪದಗಳ ಒಂದು ಪಟ್ಟಿ ಮಾಡಿ, ಮೊಬೈಲಿನ ಡಿಕ್ಷನರಿಯಲ್ಲಿ ಕೇಳಿ, ಮೇಜಿನ ಮೇಲೆ ಒತ್ತು ಬಿದ್ದ ಕಡೆ ಮಾತ್ರ ತಟ್ಟುತ್ತಾ ಹೇಳಿದರೆ ಸಾಕು. ನಿಯಮದ ಪುಸ್ತಕ ಬೇಡ.

ಟ್ಯೂಷನ್ನಿಗೆ ಸೇರಿಸುವುದೇ ಆದರೆ ಫೀಸು ಕಟ್ಟುವ ಮೊದಲು ಎಲೆಕ್ಟ್ರಿಸಿಟಿ ಪದವನ್ನು ಹೇಗೆ ಕಲಿಸುತ್ತೀರಿ ಅಂತ ಕೇಳಿ ನೋಡಿ. ಐದು ಸಲ ಚಪ್ಪಾಳೆ ತಟ್ಟಿ ನಿಲ್ಲಿಸಿದರೆ ಅದು ಚಿಕ್ಕ ಮಕ್ಕಳ ಕ್ಲಾಸು. ಎಲೆಕ್ಟ್ರಿಕ್‌ಗೆ ಇಟಿ ಸೇರಿತು, ಅದಕ್ಕೇ 'ಸಿ' ಅಕ್ಷರ ಬರೆಯುವಾಗ ಹಾಗೇ ಉಳಿದು ಸದ್ದು ಮಾತ್ರ 'ಕ'ದಿಂದ 'ಸ'ಗೆ ಹೋಯಿತು, ಒತ್ತೂ ಮುಂದಕ್ಕೆ ಸರಿಯಿತು ಅಂತ ವಿವರಿಸಿದರೆ ಧೈರ್ಯವಾಗಿ ಸೇರಿಸಿ.

ಮೊಬೈಲ್ ಡಿಕ್ಷನರಿಯಲ್ಲಿ ಬ್ರಿಟಿಷ್, ಅಮೆರಿಕನ್ ಅಂತ ಎರಡು ಸ್ಪೀಕರ್ ಗುರುತು ಇರುತ್ತವೆ. ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ, ಇಲ್ಲದಿದ್ದರೆ ತಲೆ ಕೆಡುತ್ತದೆ. ಲ್ಯಾಬೊರೇಟರಿಯನ್ನೇ ಬ್ರಿಟಿಷರು ಎರಡನೇ ಸಿಲಬಲ್ ಒತ್ತಿ ಲˈಬಾರಟ್ರಿ ಅನ್ನುತ್ತಾರೆ, ಅಮೆರಿಕದವರು ಮೊದಲನೆಯದನ್ನು ಒತ್ತಿ ˈಲ್ಯಾಬ್ರಟೋರಿ ಅನ್ನುತ್ತಾರೆ. ನಮ್ಮ ಕಾಲೇಜುಗಳಲ್ಲಿ ಎಲ್ಲರೂ ಲ್ಯಾಬ್ ಅಂತಲೇ ಅನ್ನುವುದರಿಂದ ಆ ತಕರಾರು ಅಷ್ಟಾಗಿ ಬರುವುದಿಲ್ಲ.